ಮಗ್ಗದ ಗುಂಡಿಗೆ ನಾಲ್ಕು ಬೆರಳು ದೂರ

ಸಿರುಮುಗೈ
ಗುರುವಾರ, ಮಧ್ಯಾಹ್ನ ಒಂದೂವರೆ

ಕಮಲಾತಾಳ್ ಅಮ್ಮನವರಿಗೆ,

ನಾನು ಯಾರೆಂದು ನಿಮಗೆ ಯಾರೂ ಹೇಳಿಲ್ಲ. ಆದರೂ ನೀವು ನಮ್ಮ ಮನೆಗೆ ಬಂದು ನಾಲ್ಕು ತಿಂಗಳಾಯಿತು. ನಿಮ್ಮ ಗಾಲಿಕುರ್ಚಿ ಬಂದ ದಿನವೇ ನೀವೂ ಬಂದಿರಿ ಅಂತ ನನಗನ್ನಿಸುತ್ತದೆ. ನಿಮ್ಮ ಹೆಸರು ಗೊತ್ತಾಗಿದ್ದು ಮಾತ್ರ ಹೋದ ತಿಂಗಳು.

ನಿಮಗೆ ಕನ್ನಡ ಬರುತ್ತಿರಲಿಲ್ಲ. ಈ ಮನೆಯಲ್ಲೂ ಕನ್ನಡ ಓದುವವರಿಲ್ಲ. ಇವರೂ ಅತ್ತೆಯೂ ಅರ್ಧ ತಮಿಳು ಕಲಸಿ ಬಾಯಿತುಂಬ ಕನ್ನಡ ಮಾತಾಡುತ್ತಾರೆ. ಓದಲು ಕೂತರೆ ಇಬ್ಬರಿಗೂ ತಮಿಳು ಅಕ್ಷರವೇ ಬೇಕು. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಾಗದ ಬಿಟ್ಟು ಮಗುವನ್ನು ಎತ್ತಿಕೊಳ್ಳಲು ಎದ್ದರೂ ಯಾರಿಗೂ ಏನೂ ತಿಳಿಯುವುದಿಲ್ಲ. ನಿಮಗೆ ತಿಳಿದೀತು. ಹೋದವರಿಗೆ ಲಿಪಿಯ ತೊಡಕು ಇರಲಾರದು ಅನ್ನುವ ಧೈರ್ಯ ನನ್ನದು.

ನನ್ನ ಹೆಸರು ಪ್ರಕೃತಿ. ಗುಂಡ್ಲುಪೇಟೆಯವಳು. ನಮ್ಮ ಕಡೆಯವರು ಮಗ್ಗ ಬಿಟ್ಟು ಎರಡು ತಲೆಮಾರಾಯಿತು. ಕೊಯಮತ್ತೂರಿನಲ್ಲಿ ಎಂಎಸ್ಸಿ ಓದುವಾಗ ನಂಟರೊಬ್ಬರು ಸಂಬಂಧ ತಂದರು: ನಮ್ಮವರೇ, ಮನೆಯಲ್ಲೂ ಕನ್ನಡ, ಹುಡುಗ ರೇಷ್ಮೆ ಸೀರೆ ನೇಯುತ್ತಾನೆ, ಕೈ ಚೆನ್ನಾಗಿದೆ ಅಂತ. ಕೈ ನಿಜಕ್ಕೂ ಚೆನ್ನಾಗಿತ್ತು. ನನ್ನ ಗಂಡ ಭೂಪತಿ ಲಾಳಿ ಓಡಿಸುವುದನ್ನು ನೋಡುತ್ತ ಕೂತರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ನನಗೆ ಗೊತ್ತಾಗುತ್ತಿರಲಿಲ್ಲ.

ನಮ್ಮದು ಗುಂಡಿಮಗ್ಗ. ನೆಲದಲ್ಲಿ ಸೊಂಟದಾಳದ ಗುಂಡಿ. ನೇಯುವವರು ಅದರ ಅಂಚಿಗೆ ಕೂತು ಕಾಲು ಇಳಿಬಿಟ್ಟು ಕೆಳಗಿನ ಎರಡು ಹಲಗೆಗಳನ್ನು ತುಳಿಯುತ್ತಾರೆ. ನಿಮಗೆ ಇದನ್ನೆಲ್ಲ ಹೇಳಬೇಕಾಗಿಯೇ ಇಲ್ಲ. ಮನೆಯಲ್ಲಿ ಅದನ್ನು ಕುಳಿ ಅನ್ನುತ್ತಾರೆ. ಇವರ ತಾತ ತೋಡಿದ್ದು.

ಹೋದ ಆಡಿ ತಿಂಗಳಲ್ಲಿ, ನಮ್ಮ ಕಡೆಯ ಆಷಾಢದಲ್ಲಿ, ಹೆಂಚು ಸೋರಿ ನೀರು ಪಾವಿನ ಮೇಲೆ, ಅಂದರೆ ಮಗ್ಗಕ್ಕೆ ಹೂಡಿದ್ದ ಹಾಸಿನ ಎಳೆಗಳ ಮೇಲೆ, ತೊಟ್ಟಿಕ್ಕತೊಡಗಿತು. ರೇಷ್ಮೆ ನೆನೆದರೆ ಕೆಟ್ಟಿತು ಅಂತ ಇವರು ಹೆಂಚು ಸರಿಪಡಿಸಲು ಹತ್ತಿದರು. ಗೆದ್ದಲು ಹಿಡಿದ ತೊಲೆ ಮುರಿಯಿತು. ಇವರು ಬಿದ್ದದ್ದು ಕುಳಿಯ ಅಂಚಿನ ಮೇಲೆ, ಬೆನ್ನು ಕೆಳಗಾಗಿ. ಪಾವಿನ ಒಂದು ಎಳೆಯೂ ಹರಿಯಲಿಲ್ಲ. ಆಗ ನಾನು ಏಳು ತಿಂಗಳ ಬಸುರಿ.

ಸೊಂಟದಿಂದ ಕೆಳಗೆ ಇನ್ನು ಏನೂ ಬರುವುದಿಲ್ಲ ಅಂತ ಡಾಕ್ಟರು ಹೇಳಿದಾಗ ನಾನು ಕೇಳಿದ್ದು ಒಂದೇ: ನೋವಾಗುತ್ತದಾ? ಇಲ್ಲ ಅಂದರು. ಅದು ಸುಳ್ಳು ಅಂತ ಆಮೇಲೆ ಗೊತ್ತಾಯಿತು.

ಮನೆಗೆ ಕರೆತಂದ ಮೇಲೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಆ ಹೊತ್ತಿಗೆ ಮಗು ನಿತ್ಯಾಳೂ ಎರಡು ಗಂಟೆಗೊಮ್ಮೆ ಹಾಲಿಗೆ ಏಳುತ್ತಿದ್ದಳು. ಇಬ್ಬರ ಹೊತ್ತೂ ಒಂದಕ್ಕೊಂದು ಸೇರುತ್ತಲೇ ಇರಲಿಲ್ಲ. ನಿದ್ದೆಗೆಟ್ಟವಳ ಕಣ್ಣನ್ನು ನಂಬಬಾರದು ಅಂತ ನೀವು ಹೇಳಬಹುದು. ನಾನೂ ಹಾಗೇ ಅಂದುಕೊಂಡು ಬಹಳ ದಿನ ಸುಮ್ಮನಿದ್ದೆ.

ಕೊಯಮತ್ತೂರಿನ ಉಕ್ಕಡಂ ಕಡೆಯ ಒಂದು ಟ್ರಸ್ಟಿನಿಂದ ಧರಣಿ ಬಂದಳು. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು; ಸೊಂಟದಲ್ಲಿ ಅಳತೆ ಟೇಪು, ಕಿವಿಯ ಹಿಂದೆ ಪೆನ್ಸಿಲ್. ಬೆನ್ನುಮೂಳೆ ಮುರಿದವರ ಮನೆಗಳನ್ನು ಅವರು ಓಡಾಡುವ ಹಾಗೆ ಮಾಡಿಕೊಡುವುದು ಇವಳ ಕೆಲಸ. ಮೇಸ್ತ್ರಿ ಜಯರಾಮನ್ ಜೊತೆ ಬಂದು ಬಚ್ಚಲ ಬಾಗಿಲು ಅಗಲಿಸಿದಳು, ಕಕ್ಕಸಿನ ಗೋಡೆಗೆ ಹಿಡಿ ಹಾಕಿಸಿದಳು, ಮೆಟ್ಟಿಲ ಜಾಗಕ್ಕೆ ಇಳಿಜಾರು ಕಟ್ಟಿಸಿದಳು. ಬಾಗಿಲ ಹೊಸ್ತಿಲನ್ನು ತೆಗೆಯಲೇಬೇಕಿತ್ತು. ಚಕ್ರ ಅದನ್ನು ದಾಟುವುದಿಲ್ಲ.

ಅತ್ತೆ ಅವತ್ತು ಹೊಸ್ತಿಲಿಗೆ ಕೊನೆಯ ಸಲ ಅರಿಶಿನ ಬಳಿದು, ಕುಂಕುಮ ಇಟ್ಟು, ಹೂವು ಏರಿಸಿದರು. ಜಯರಾಮನ್ ಉಳಿ ಹಿಡಿದು ಕಾದು ನಿಂತಿದ್ದರು. ಅತ್ತೆಯ ಹೆಸರು ಶಿವಗಾಮಿ, ಸುಮ್ಮನಿರುವ ಜನ ಅಲ್ಲ. "ಒಡೀಯಪ್ಪಾ, ಒಡಿ," ಅಂದರು. "ನನ್ನ ಮಗನಿಗೆ ದಾರಿ ಬೇಕು. ಆದರೆ ಒಂದು ಹೇಳ್ತೀನಿ ಕೇಳು. ಹೊಸ್ತಿಲು ಹೋದ ಮನೇಲಿ ಒಳಗೆ ಬರೋರಿಗೆ ಎಲ್ಲಿ ನಿಲ್ಲಬೇಕು ಅಂತ ತಿಳಿಯಲ್ಲ."

ಧರಣಿ ನಕ್ಕು, "ಬರೋರು ಬರಲಿ ಬಿಡಿ ಅಮ್ಮಾ, ಕಾಫಿ ಕೊಟ್ಟು ಕಳಿಸೋಣ," ಅಂದಳು. ಅವತ್ತು ಸಂಜೆಯೇ ಸಣ್ಣ ಟೆಂಪೋದಲ್ಲಿ ನಿಮ್ಮ ಕುರ್ಚಿ ಬಂತು.

ಹಳೆಯ ಕುರ್ಚಿ ಅಂತ ಅವಳೇ ಹೇಳಿದ್ದಳು. ಇವರ ಅಳತೆಯದು ತಯಾರಾಗಿ ಬರುವವರೆಗೆ ಮಾತ್ರ. ಎಡಗೈ ಇಡುವ ಜಾಗದ ರೆಕ್ಸಿನ್ ಹೆಬ್ಬೆರಳಿನಷ್ಟು ಸವೆದು ಒಳಗಿನ ಸ್ಪಂಜು ಕಾಣುತ್ತಿತ್ತು. ಮುಂದಿನ ಚಿಕ್ಕ ಚಕ್ರದ ಕೀಲಿನಲ್ಲಿ ಸಾಸಿವೆ ಬಣ್ಣದ ಹತ್ತಿ ನೂಲು ಸುತ್ತಿಕೊಂಡಿತ್ತು. ಬಿಡಿಸಿ ತೆಗೆದು ಎಣ್ಣೆ ಬಿಟ್ಟೆ. ಮುಂದಿನ ಶುಕ್ರವಾರ ನೋಡಿದರೆ ಮತ್ತೆ ಇತ್ತು. ಅದರ ಮುಂದಿನ ಶುಕ್ರವಾರವೂ. ನಮ್ಮ ಮನೆಯಲ್ಲಿ ರೇಷ್ಮೆ ಬಿಟ್ಟರೆ ಬೇರೆ ನೂಲಿಲ್ಲ ಅಮ್ಮಾ.

ನಮ್ಮ ಬೀದಿ ಬೆಳಗಿನಿಂದ ಮಗ್ಗದ ಸದ್ದಿನಲ್ಲೇ ಇರುತ್ತದೆ. ಮಧ್ಯಾಹ್ನ ಒಂದಕ್ಕೆ ಎಲ್ಲರೂ ಊಟಕ್ಕೆ ಏಳುತ್ತಾರೆ, ಮಗ್ಗಗಳು ಒಂದೊಂದಾಗಿ ನಿಲ್ಲುತ್ತವೆ. ಕೊನೆಯ ಮಗ್ಗ ನಿಂತಾಗ ಕಿವಿ ಮುಚ್ಚಿದಂತಾಗುತ್ತದೆ. ಆ ಹೊತ್ತಿಗೆ ನಾನು ಇವರನ್ನು ಮಂಚಕ್ಕೆ ಬದಲಿಸಿ, ಗೋಡೆಯ ಕಡೆ ಮಗ್ಗುಲು ಮಾಡಿ ಮಲಗಿಸಿ, ಖಾಲಿ ಕುರ್ಚಿಯನ್ನು ಮಂಚದ ಪಕ್ಕ ಬ್ರೇಕು ಹಾಕಿ ನಿಲ್ಲಿಸುತ್ತಿದ್ದೆ. ಅತ್ತೆ ಒಳಕೋಣೆಯಲ್ಲಿ ಮಲಗುತ್ತಾರೆ.

ಬಂದ ಮೂರನೆಯ ದಿನ ಅಡುಗೆಮನೆಯಿಂದ ಬಂದು ನೋಡಿದರೆ ಕುರ್ಚಿ ಮಂಚದ ಪಕ್ಕ ಇರಲಿಲ್ಲ. ಕುಳಿಯ ಮುಂದೆ, ಅದಕ್ಕೆ ಮುಖ ಮಾಡಿ ನಿಂತಿತ್ತು. ಬ್ರೇಕು ಸಡಿಲವಾಗಿರಬೇಕು ಅಂದುಕೊಂಡೆ. ಮರುದಿನ ಎರಡೂ ಬ್ರೇಕು ಬಿಗಿಯಾಗಿ ಒತ್ತಿ, ಅಲ್ಲಾಡಿಸಿ ನೋಡಿ ಹೋದೆ. ಒಂದು ಗಂಟೆಗೆ ಬೀದಿ ಮೌನವಾಯಿತು. ಬಂದು ನೋಡಿದರೆ ಮತ್ತೆ ಅಲ್ಲೇ. ಕೈಯಿಟ್ಟು ಅಳೆದೆ. ಅಂಚಿಗೂ ಮುಂದಿನ ಚಕ್ರಕ್ಕೂ ನಾಲ್ಕು ಬೆರಳು. ದಿನಾ ನಾಲ್ಕೇ ಬೆರಳು.

ನೆಲ ಆ ಕಡೆಗೆ ವಾಟ ಇರಬೇಕು ಅಂತ ಒಂದು ನಿಂಬೆಹಣ್ಣನ್ನು ಮಂಚದ ಕಾಲಿನ ಹತ್ತಿರ ಇಟ್ಟು ಬಿಟ್ಟೆ. ಅದು ನಿಧಾನವಾಗಿ ಉರುಳುತ್ತ ಹೋಗಿ ಕುಳಿಯೊಳಗೆ ಬಿತ್ತು; ಕೆಳಗಿನ ಮಣ್ಣಿಗೆ ತಾಗಿದ ಸದ್ದು ಕೇಳಿಸಿತು. ಸದ್ಯ, ವಾಟವೇ ಅಂತ ಉಸಿರು ಬಿಟ್ಟೆ. ಆ ಉಸಿರು ಪೂರ್ತಿ ಹೊರಗೆ ಬರುವ ಮೊದಲೇ ಇನ್ನೊಂದು ಹೊಳೆಯಿತು. ನಿಂಬೆಹಣ್ಣು ಬಿತ್ತು. ಕುರ್ಚಿ ಯಾಕೆ ಬೀಳುವುದಿಲ್ಲ?

ಹರಿದಾಡಲು ಕಲಿತ ನಿತ್ಯಾ ಮನೆಯ ಮೂಲೆಮೂಲೆ ಸುತ್ತುತ್ತಾಳೆ. ಕುರ್ಚಿ ಅಲ್ಲಿ ನಿಂತಾಗ ಮಾತ್ರ ಅದರ ಚಕ್ರ ಹಿಡಿದು ಎದ್ದು ನಿಲ್ಲುತ್ತಾಳೆ, ಖಾಲಿ ಸೀಟಿನ ಕಡೆ ತಲೆ ಎತ್ತಿ ಏನೋ ಕೇಳಿಸಿಕೊಳ್ಳುವಂತೆ ನೋಡುತ್ತಾಳೆ, ಆಮೇಲೆ ಹಿಂದಕ್ಕೆ ತಿರುಗುತ್ತಾಳೆ. ಒಂದು ದಿನವೂ ಆಚೆ ದಾಟಿಲ್ಲ.

ಆದರೂ ಅಮ್ಮಾ, ಆಗ ನನಗೆ ನಿಮ್ಮ ಮೇಲೆ ಹೆದರಿಕೆಯೇ ಇದ್ದದ್ದು. ನೀವು ಇವರಿಗೆ ದಾರಿ ತೋರಿಸುತ್ತಿದ್ದೀರಿ ಅಂದುಕೊಂಡಿದ್ದೆ.

ಯಾಕೆಂದರೆ ಇವರೂ ಇಡೀ ದಿನ ಕುಳಿಯನ್ನೇ ನೋಡುತ್ತಿದ್ದರು. ಬೆಳಿಗ್ಗೆ ಕುರ್ಚಿಯಲ್ಲಿ ಕೂರಿಸಿದ ಕೂಡಲೇ "ಆ ಕಡೆ ತಿರುಗಿಸು," ಅನ್ನುತ್ತಿದ್ದರು. ಕುಳಿ ಮುಚ್ಚಿ ನೆಲ ಸಮ ಮಾಡುವುದು ಧರಣಿಯ ಪಟ್ಟಿಯಲ್ಲಿ ಕೊನೆಯ ಕೆಲಸವಾಗಿತ್ತು. "ಅಣ್ಣಾ, ಕುರ್ಚಿ ತಿರುಗೋಕೆ ಐದಡಿ ಬೇಕು. ಇದು ಹೀಗೇ ಇದ್ದರೆ ಒಂದಲ್ಲ ಒಂದು ದಿನ ಬೀಳ್ತೀರ," ಅಂದಳು. "ಬಿದ್ದಾಗಿದೆಯಲ್ಲ ಮ್ಮಾ," ಅಂದರು ಇವರು. ಎಲ್ಲರೂ ನಕ್ಕರು, ಇವರು ನಗಲಿಲ್ಲ. "ಪಾವು ಮಗ್ಗದ ಮೇಲಿರೋವಾಗ ಯಾರಾದರೂ ಕುಳಿ ಮುಚ್ತಾರಾ? ಇನ್ನೂ ಎರಡು ಸೀರೆ ಇದೆ ಅದರಲ್ಲಿ."

ಆಮೇಲೆ ನನ್ನೊಬ್ಬಳಿಗೇ ಹೇಳಿದರು: "ನನ್ನ ಕಾಲು ಅಲ್ಲೇ ಇದೆ, ಪ್ರಕೃತಿ. ಇಲ್ಲಿರೋದು ನಂದಲ್ಲ."

ಅದನ್ನು ಕೇಳಿದ ಮೇಲೆ ನಾನು ಹೇಗೆ ಮಲಗಲಿ? ಒಂದು ದಿನ ನೀರು ತರಲು ಹೋಗಿ ಬರುವಷ್ಟರಲ್ಲಿ ಇವರು ಕುರ್ಚಿ ಸಮೇತ ಆ ಅಂಚಿನಲ್ಲಿದ್ದರು. ಬ್ರೇಕು ಬಿಚ್ಚಿತ್ತು. ಮುಖ ಬೆವರಿತ್ತು. ನಾನು ಏನೂ ಕೇಳದೆ ಹಿಂದಕ್ಕೆ ಎಳೆದೆ.

ಅದಾದ ಎರಡನೆಯ ದಿನ ನಾನೊಂದು ತಪ್ಪು ಮಾಡಿದೆ. ಮಗ್ಗ ಕೆಟ್ಟರೆ ಪಾವಿನ ನೆಪ ಹೋಗುತ್ತದೆ, ಕುಳಿ ಮುಚ್ಚಲು ಒಪ್ಪುತ್ತಾರೆ ಅಂತ ಯೋಚಿಸಿದೆ. ಮಧ್ಯಾಹ್ನ ಒಂದಕ್ಕೆ, ಇವರು ಗೋಡೆಗೆ ಮುಖ ಮಾಡಿ ನಿದ್ದೆಯಲ್ಲಿದ್ದಾಗ, ತರಕಾರಿ ಚಾಕು ತೆಗೆದುಕೊಂಡು ಕುಳಿಯ ಅಂಚಿಗೆ ಬೋರಲು ಮಲಗಿ ಕೈ ಇಳಿಬಿಟ್ಟು, ಎಡಗಡೆಯ ತುಳಿಯುವ ಹಲಗೆಗೆ ಕಟ್ಟಿದ್ದ ಹುರಿಯನ್ನು ಕೊಯ್ದೆ.

ಹುರಿ ತುಂಡಾಗಿ ಹಲಗೆ ಕೆಳಗೆ ಬಿದ್ದ ಅದೇ ಕ್ಷಣ ಇವರು ಕೂಗಿಕೊಂಡರು. ನೋಡುತ್ತೇನೆ, ಹನ್ನೊಂದು ತಿಂಗಳು ಕೊರಡಿನ ಹಾಗೆ ಬಿದ್ದಿದ್ದ ಎಡಗಾಲು ಹೊದಿಕೆಯ ಕೆಳಗೆ ಬಿಗಿದು ನಡುಗುತ್ತಿತ್ತು. ಬಲಗಾಲು ಸುಮ್ಮನಿತ್ತು. ಹಾಗೆ ಸೆಳೆತ ಬರುವುದು ಇಂಥವರಿಗೆ ಸಹಜ ಅಂತ ಧರಣಿ ಆಮೇಲೆ ಹೇಳಿದಳು. ಇರಬಹುದು. ಚಾಕುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಾನು ಆ ಕಾಲನ್ನು ಉಜ್ಜುತ್ತ ಕೂತೆ. ಇವರು ಕಣ್ಣು ಮುಚ್ಚಿಕೊಂಡೇ "ಯಾರೋ ಕೊಯ್ದ ಹಾಗಾಯ್ತು," ಅಂದರು.

ಕುರ್ಚಿ ಅಷ್ಟು ಹೊತ್ತಿಗೆ ಕುಳಿಯ ಮುಂದೆ ಬಂದು ನಿಂತಿತ್ತು.

ನಾನು ಹೊರಗೆ ಇಳಿಜಾರಿನ ಮೇಲೆ ಕೂತು ಧರಣಿಗೆ ಫೋನ್ ಮಾಡಿದೆ. ನಡೆದದ್ದು ಯಾವುದನ್ನೂ ಹೇಳದೆ, ಈ ಕುರ್ಚಿ ಯಾರದಿತ್ತು ಅಂತಷ್ಟೇ ಕೇಳಿದೆ. ತಮಿಳಿನಲ್ಲಿ ಅವಳು ಹೇಳಿದ್ದು ನಿಮ್ಮ ಕಥೆ. ನಿಮಗೆ ಗೊತ್ತಿರುವುದೇ. ಆದರೂ ಅವಳು ಹೇಗೆ ಹೇಳಿದಳು ಅಂತ ನಿಮಗೆ ತಿಳಿಯಬೇಕು.

"ಅವಿನಾಶಿ ಆಚೆ ಒಂದು ಹಳ್ಳಿ ಅಕ್ಕಾ. ಕಮಲಾತಾಳ್ ಅಮ್ಮ ಅಂತ. ಹತ್ತಿ ಸೀರೆ ನೇಯ್ತಿದ್ರು. ಬಸ್ಸಿನಿಂದ ಬಿದ್ದು ಬೆನ್ನು ಹೋಗಿತ್ತು. ನನಗೆ ಸಿಕ್ಕ ಮೊದಲನೇ ಮನೆ ಅದು. ಕುಳಿ ಇತ್ತು, ಮುಚ್ಚಿಸಿದೆ. ಅವರು ಬೇಡ ಅನ್ನಲೂ ಇಲ್ಲ, ಬೇಕು ಅನ್ನಲೂ ಇಲ್ಲ. ನೆಲ ಕನ್ನಡಿ ಥರ ಮಾಡಿಸಿದೆ. ಅದರ ಫೋಟೋ ಇವತ್ತೂ ನಮ್ಮ ಆಫೀಸಿನ ಗೋಡೆ ಮೇಲಿದೆ. ಆಮೇಲೆ ಯಾವಾಗ ಹೋದರೂ ಮಧ್ಯಾಹ್ನ ಅವರು ಕುರ್ಚಿ ತಳ್ಳಿಕೊಂಡು ಬಂದು ಒಂದು ಕಡೆ ನಿಂತುಬಿಡ್ತಿದ್ರು. ಯಾಕಮ್ಮಾ ಅಲ್ಲೇ ನಿಲ್ತೀರ, ಮುಂದೆ ಹೋಗಿ, ನೆಲ ಸಮ ಇದೆಯಲ್ಲ ಅಂದರೆ, 'ಮುಂದೆ ಕುಳಿ ಇದೆ ಕಂದಾ, ಬಿದ್ದುಬಿಡ್ತೀನಿ' ಅಂತಿದ್ರು. ಎಂಟು ತಿಂಗಳು. ಅಲ್ಲೇ, ಆ ಕುರ್ಚಿಯಲ್ಲೇ ಹೋದರು. ನಾನು ಕೆಲಸವನ್ನೇನೋ ಚೆನ್ನಾಗಿ ಮಾಡಿದ್ದೆ ಅಕ್ಕಾ. ಅವರನ್ನು ಏನೂ ಕೇಳಿರಲಿಲ್ಲ."

ಅವಳು ಅಳುತ್ತಿದ್ದಳು. ನಿಮ್ಮ ಮೇಲಿನ ಹೆದರಿಕೆ ನನ್ನಲ್ಲಿ ಅಲ್ಲೇ, ಆ ಇಳಿಜಾರಿನ ಮೇಲೆಯೇ ನಿಂತುಹೋಯಿತು. ಇಲ್ಲದ ಕುಳಿಗೂ ನಾಲ್ಕು ಬೆರಳು ಮುಂಚೆ ನಿಲ್ಲುತ್ತಿದ್ದವರು ನೀವು. ಇರುವ ಕುಳಿಗೆ ಯಾರನ್ನಾದರೂ ಬಿಟ್ಟೀರಾ?

ಒಳಗೆ ಬಂದು ನಿಮ್ಮ ಕುರ್ಚಿಯ ಪಕ್ಕದಿಂದ ಕುಳಿಗೆ ಇಳಿದೆ. ಮದುವೆಯಾಗಿ ಮೂರು ವರ್ಷದಲ್ಲಿ ಅದೇ ಮೊದಲು. ಕೊಯ್ದ ಹುರಿಯನ್ನು ಮತ್ತೆ ಕಟ್ಟಬೇಕಿತ್ತು. ತಳದ ಮಣ್ಣಿನಲ್ಲಿ ಎರಡು ಹಳ್ಳ ಇದ್ದವು, ಪಾದದ ಆಕಾರಕ್ಕೆ ಸವೆದಿದ್ದವು: ತಾತನದು, ಅಪ್ಪನದು, ಇವರದು, ಒಂದರೊಳಗೊಂದು. ಮೂಲೆಯಲ್ಲಿ ನನ್ನ ನಿಂಬೆಹಣ್ಣು ಒಣಗಿ ಬಿದ್ದಿತ್ತು. ಹಲಗೆಗಳನ್ನು ನಾನಿನ್ನೂ ಮುಟ್ಟಿರಲಿಲ್ಲ. ಸದ್ದಾಗುವಂಥದ್ದು ಏನೂ ಇರಲಿಲ್ಲ. ಸುಮ್ಮನೆ ಎಡಗಾಲನ್ನು ಎಡಗಡೆಯ ಹಳ್ಳದಲ್ಲಿಟ್ಟೆ.

"ಎಡಗಾಲು," ಅಂದರು ಇವರು, ಮೇಲೆ, ಗೋಡೆಯ ಕಡೆ ಮುಖ ಮಾಡಿಕೊಂಡೇ.

ಬಲಗಾಲನ್ನು ಇಟ್ಟೆ.

"ಬಲಗಾಲು. ಮಣ್ಣು ತಣ್ಣಗಿದೆ."

ಹುರಿ ಕಟ್ಟಲು ಕುಕ್ಕರುಗಾಲಲ್ಲಿ ಕೂತೆ, ನನ್ನ ತಲೆ ನೆಲಕ್ಕೆ ಸಮವಾಯಿತು. ಅಲ್ಲಿಂದ ಕಾಣುತ್ತಿದ್ದದ್ದು ಮಂಚದ ಕಾಲುಗಳು, ನಿಮ್ಮ ಚಕ್ರಗಳು. ಮುಖ ನೋಡಿಕೊಂಡು ಕೇಳಲಾರದ್ದನ್ನು ಅಲ್ಲಿಂದ ಕೇಳಿದೆ: "ರೀ, ನಿಜ ಹೇಳಿ. ಇದರೊಳಗೆ ಬೀಳಬೇಕು ಅಂತ ಇದ್ರಾ?"

ಬೀದಿಯಲ್ಲಿ ಒಂದು ಮಗ್ಗವೂ ಇನ್ನೂ ಶುರುವಾಗಿರಲಿಲ್ಲ. "ಒಂದು ಸಲ," ಅಂದರು. "ನೀನು ನೀರಿಗೆ ಹೋಗಿದ್ದಾಗ. ಬ್ರೇಕು ಬಿಚ್ಚಿದೆ, ಅದಾಗೇ ಅಂಚಿನ ತನಕ ಹೋಯ್ತು, ನಿಂತುಬಿಡ್ತು. ಎರಡು ಕೈಲೂ ತಳ್ಳಿದೆ ಪ್ರಕೃತಿ. ನನ್ನ ಕೈ ಎಂಥಾ ಕೈ ಅಂತ ನಿನಗೆ ಗೊತ್ತಲ್ಲ. ಒಂದು ನೂಲಿನಷ್ಟೂ ಮುಂದೆ ಹೋಗಲಿಲ್ಲ. ಯಾರೋ ಮಡಿಲ ಮೇಲೆ ಕೂತಂಗಿತ್ತು."

ಕುಳಿಯೊಳಗೇ ಕೂತಿದ್ದ ನನಗೆ ಅಳು ಉಕ್ಕಿ ಬಂತು. ಅತ್ತೆ ಒಳಗಿನಿಂದ, "ಯಾರು ಮ್ಮಾ ಕುಳೀಲಿ? ಆ ನೂಲೆಲ್ಲ ಕಣ್ಣೀರಲ್ಲಿ ನೆನೆಸಬೇಡ, ಎರಡು ಸೀರೆ ಆಗೋದಿದೆ," ಅಂದರು. ಅವರು ಎಷ್ಟು ಹೊತ್ತಿನಿಂದ ಎದ್ದಿದ್ದರೋ, ಏನೇನು ಕೇಳಿಸಿಕೊಂಡರೋ, ಇವತ್ತಿನ ತನಕ ಹೇಳಿಲ್ಲ.

ಆ ಶುಕ್ರವಾರ ಜಯರಾಮನ್ ಮೊದಲಿನ ಪಟ್ಟಿಯಂತೆಯೇ ಕುಳಿ ತುಂಬಲು ಮರಳು ತಂದು ಬಾಗಿಲಲ್ಲಿ ಸುರಿದರು. ಧರಣಿಯೂ ಬಂದಿದ್ದಳು. ಟೇಪು ತೆಗೆಯುವ ಮೊದಲು ಮಂಚದ ಪಕ್ಕ ನೆಲದಲ್ಲಿ ಕೂತು, "ಅಣ್ಣಾ, ನಿಮಗೆ ಏನು ಬೇಕು?" ಅಂತ ಕೇಳಿದಳು. ಇವರು ಹೇಳಿದ ಹಾಗೆಯೇ ಆಯಿತು. ಕುಳಿ ಉಳಿಯಿತು. ಅದರ ಬಾಯಿಗೆ ದಪ್ಪ ಹಲಗೆಯ ಮುಚ್ಚಳ, ನೆಲಕ್ಕೆ ಸಮ. ಮುಚ್ಚಿದಾಗ ಕುರ್ಚಿ ಅದರ ಮೇಲೇ ಹಾದು ತಿರುಗುತ್ತದೆ. ಅದನ್ನು ಎತ್ತಲು ಕಾಲೂರಿ ನಿಲ್ಲಬೇಕು; ಈ ಮನೆಯಲ್ಲಿ ಅದು ನನ್ನ ಕೈಲಿ ಮಾತ್ರ ಆಗುವ ಕೆಲಸ. ಮರಳು ಇನ್ನೂ ಹೊರಗಿದೆ. ಬೀದಿಯ ಬೆಕ್ಕುಗಳಿಗೆಲ್ಲ ಅನುಕೂಲವಾಗಿದೆ ಅಂತ ಅತ್ತೆ ದಿನಾ ಅನ್ನುತ್ತಾರೆ.

ಈಗ ದಿನಾ ಬೆಳಿಗ್ಗೆ ಎರಡು ಗಂಟೆ ಹೊತ್ತು ನಾವಿಬ್ಬರೂ ನೇಯುತ್ತೇವೆ. ಇವರನ್ನು ಅಂಚಿನಲ್ಲಿ ಮೆತ್ತೆಯ ಮೇಲೆ ಕೂರಿಸಿ, ಬೆನ್ನನ್ನು ಕಂಬಕ್ಕೆ ಪಟ್ಟಿಯಿಂದ ಬಿಗಿದು, ಪಕ್ಕದಲ್ಲಿ ನಾನು ಕಾಲು ಇಳಿಬಿಟ್ಟು ಕೂರುತ್ತೇನೆ. ತುಳಿಯುವುದು ನಾನು. ಹಗ್ಗ ಎಳೆದು ಲಾಳಿ ಓಡಿಸುವುದು, ಹಣಿಗೆ ಬಡಿಯುವುದು ಇವರು. ಮೊದಲ ವಾರ ಒಂದು ಗೇಣೂ ಸರಿಯಾಗಲಿಲ್ಲ. "ಎಂಎಸ್ಸಿ ಕಾಲು, ಅದಕ್ಕೇ ಯೋಚನೆ ಮಾಡುತ್ತೆ," ಅಂದರು ಇವರು. ಬಿದ್ದ ಮೇಲೆ ಇವರು ಮೊದಲ ಸಲ ನಕ್ಕದ್ದು ಅವತ್ತು, ಆ ಕುಳಿಯ ಅಂಚಿನಲ್ಲೇ. ತುಳಿಯುವಾಗ ನನ್ನ ಕಾಲು ಜೋಮು ಹಿಡಿದರೆ ನಾನು ಹೇಳುವ ಮೊದಲೇ ಇವರು ನಿಲ್ಲಿಸುತ್ತಾರೆ. ಹೇಗೆ ಗೊತ್ತಾಯಿತು ಅಂತ ನಾನು ಕೇಳುವುದಿಲ್ಲ. ಮೊದಲ ಸೀರೆ ಮುಗಿಯುತ್ತ ಬಂತು.

ಇಷ್ಟೆಲ್ಲ ಇವತ್ತೇ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಾಳೆ ಇವರ ಅಳತೆಯ ಹೊಸ ಕುರ್ಚಿ ಬರುತ್ತದೆ. ನಿಮ್ಮದನ್ನು ಧರಣಿ ತೆಗೆದುಕೊಂಡು ಹೋಗುತ್ತಾಳೆ. ಹೊಸ ಕುರ್ಚಿಯಲ್ಲಿ ಯಾರೂ ಇರುವುದಿಲ್ಲ ಅಮ್ಮಾ. ಹೋದ ವಾರವಿಡೀ ನನಗೆ ಅದೇ ಯೋಚನೆ. ನಿಮ್ಮ ಕಾಲು ಹಿಡಿದಾದರೂ ಇಲ್ಲೇ ಉಳಿಸಿಕೊಳ್ಳಬೇಕು, ಇದೇ ಇರಲಿ ಬಿಡು ಅಂತ ಧರಣಿಗೆ ಸುಳ್ಳು ಹೇಳಬೇಕು ಅಂತಿದ್ದೆ.

ಆದರೆ ನಿನ್ನೆ ಅವಳು ಫೋನಿನಲ್ಲಿ ಮುಂದಿನ ಮನೆಯ ವಿಷಯ ಹೇಳಿದಳು. ಮದುಕ್ಕರೈ ಕಡೆ. ಸರಣ್ಯಾ ಅಂತ, ಇಪ್ಪತ್ತೆರಡು ವರ್ಷ. ಸ್ಕೂಟರಿನಿಂದ ಬಿದ್ದು ಬೆನ್ನು ಮುರಿದಿದೆ. ಎರಡು ತಿಂಗಳಿಂದ ಯಾರ ಜೊತೆಯೂ ಮಾತಿಲ್ಲ. ಮನೆಯ ಹಿಂಬಾಗಿಲು ತೆರೆದರೆ ಇಪ್ಪತ್ತು ಹೆಜ್ಜೆಗೆ ಸುಣ್ಣದ ಕಲ್ಲು ತೆಗೆದು ಬಿಟ್ಟ ದೊಡ್ಡ ಹಳ್ಳ, ನೀರು ನಿಂತಿದೆಯಂತೆ. ಬೇಲಿ ಹಾಕಿಸುತ್ತೇನೆ ಅಂದಳು. ಹಾಕುವವರೆಗೆ?

ಇವತ್ತು ಒಂದು ಗಂಟೆಗೆ ಬೀದಿ ಮೌನವಾದಾಗ ನಾನು ಅಡುಗೆಮನೆಗೆ ಹೋಗದೆ ಇಲ್ಲೇ ಕಾದು ಕೂತೆ. ನಿಮ್ಮ ಕುರ್ಚಿ ಚಲಿಸಿದ್ದನ್ನು ಮೊದಲ ಸಲ ಕಣ್ಣಾರೆ ಕಂಡೆ. ಕುಳಿಯ ಕಡೆ ಹೋಗಲಿಲ್ಲ. ಮಂಚವನ್ನು ಬಳಸಿ, ವಾಟಕ್ಕೆ ಎದುರಾಗಿ, ನಿಧಾನವಾಗಿ ಬಾಗಿಲ ಕಡೆಗೆ ಹೋಯಿತು. ನಾವು ಕಿತ್ತುಹಾಕಿದ ಹೊಸ್ತಿಲಿನ ಜಾಗಕ್ಕೆ ನಾಲ್ಕು ಬೆರಳು ಮುಂಚೆ ನಿಂತಿತು. ಬರೆಯುತ್ತಿರುವಾಗಲೂ ಅಲ್ಲೇ ಇದೆ. ನಿತ್ಯಾ ಅದರ ಚಕ್ರ ಹಿಡಿದು ನಿಂತಿದ್ದಾಳೆ.

ಈ ಕಾಗದವನ್ನು ಮಡಿಸಿ ನಿಮ್ಮ ಮೆತ್ತೆಯ ಕೆಳಗಿಡುತ್ತೇನೆ. ಚಕ್ರದಲ್ಲಿ ಸಿಕ್ಕ ನಿಮ್ಮ ಸಾಸಿವೆ ನೂಲನ್ನೆಲ್ಲ ಕೂಡಿಸಿಟ್ಟಿದ್ದೆ, ಅದನ್ನೂ ಇಡುತ್ತೇನೆ. ಸೀರೆಯ ಅಂಚಿನಲ್ಲಿ ಅದರ ಒಂದೇ ಎಳೆಯನ್ನು ಸೇರಿಸಿ ನೇಯ್ದಿದ್ದೇವೆ. ರೇಷ್ಮೆಯಲ್ಲಿ ಹತ್ತಿ, ಯಾರ ಕಣ್ಣಿಗೂ ಬೀಳುವುದಿಲ್ಲ ಅಂತ ಇವರು ಹೇಳಿದರು.

ಹೋಗಿ ಬನ್ನಿ ಅಮ್ಮಾ. ನಮ್ಮ ಮನೆಗೆ ಹೊಸ್ತಿಲಿಲ್ಲ, ನೀವು ಯಾವಾಗ ಬಂದರೂ ತಡೆಯಿಲ್ಲ. ನನ್ನ ನಿತ್ಯಾಳನ್ನು ಹರಸಿ. ಮತ್ತೆ ಆ ಹುಡುಗಿಯ ಮಡಿಲ ಮೇಲೆ ಸ್ವಲ್ಪ ಹೊತ್ತು ಕೂತಿರಿ, ಭಾರವಾಗಿ ಕೂತಿರಿ. ಅಲ್ಲಿಯೂ ನಾಲ್ಕು ಬೆರಳು ಮುಂಚೆಯೇ ನಿಂತುಬಿಡಿ.

ನಿಮ್ಮ ಮಗಳಂಥವಳು,
ಪ್ರಕೃತಿ